ಒಂದೇ ಹಂಚು, ಎರಡು ಹಿಟ್ಟು

ಒಂದು ಚಪಾತಿಗೆ ಸುಮಾರು 30 ಗ್ರಾಂ ಗೋಧಿ ಹಿಟ್ಟು ಬೇಕು. ಆ ಹಿಟ್ಟಿನಲ್ಲಿ ನೂರಕ್ಕೆ 11ರಷ್ಟು ಪ್ರೋಟೀನು, ಆ ಪ್ರೋಟೀನಿನಲ್ಲಿ ನೂರಕ್ಕೆ 80ರಷ್ಟು ಗ್ಲುಟೆನ್. ಗುಣಿಸಿ ನೋಡಿದರೆ ಚಪಾತಿಯೊಂದರಲ್ಲಿ ಎರಡೂವರೆ ಗ್ರಾಮಿಗಿಂತ ತುಸು ಹೆಚ್ಚು ಗ್ಲುಟೆನ್ ಇರುತ್ತದೆ. ಈ ಗ್ಲುಟೆನ್ನಿನಿಂದಲೇ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಇರುವವರು ಇಡೀ ದಿನಕ್ಕೆ ತಡೆದುಕೊಳ್ಳುವುದು ಹೆಚ್ಚೆಂದರೆ 10 ಮಿಲಿಗ್ರಾಂ. ಚಪಾತಿಯನ್ನು 260 ಚೂರು ಮಾಡಿದರೆ ಅದರಲ್ಲಿ ಒಂದು ಚೂರಿನ ಪಾಲು ಅದು. ಹಿಟ್ಟಿನ ಲೆಕ್ಕದಲ್ಲಿ ಹೇಳುವುದಾದರೆ ಒಂದು ಗ್ರಾಮಿನ ಒಂಬತ್ತರಲ್ಲಿ ಒಂದು ಭಾಗ, ಎರಡು ಬೆರಳ ನಡುವೆ ಹಿಡಿದ ಚಿಟಿಕೆ.

ಈ ಚಿಟಿಕೆಯ ಲೆಕ್ಕವನ್ನು ಬೆಳಗಾವಿಯ ಟಿಳಕವಾಡಿಯಲ್ಲೋ ಉದ್ಯಮಬಾಗದ ಹತ್ತಿರವೋ ಮೂರು ನಾಲ್ಕು ಹುಡುಗರು ಸೇರಿ ಮಾಡಿಕೊಂಡಿರುವ ರೂಮಿನ ಅಡುಗೆಮನೆಗೆ ತಂದು ನೋಡಿ. ಒಂದು ಗ್ಯಾಸ್ ಒಲೆ, ಒಂದು ಕಬ್ಬಿಣದ ಹಂಚು, ಒಂದು ಕುಕ್ಕರ್, ಒಂದು ಲಟ್ಟಣಿಗೆ ಮಣೆ, ಹಿಟ್ಟಿನ ಎರಡು ಡಬ್ಬಿ, ಶೇಂಗಾ ಹಿಂಡಿಯ ಒಂದು ಬಾಟ್ಲಿ. ನಾಲ್ವರಲ್ಲಿ ಒಬ್ಬನಿಗೆ ಗೋಧಿ ಕೂಡದು ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಉಳಿದವರಿಗೆ ಅದು ಅರ್ಥವಾಗುವುದೇ ಕಷ್ಟ. "ಒಂದ್ ಚಪಾತಿ ತಿಂದ್ರ ಏನ್ ಆಗ್ತೈತೋ ಮಾರಾಯಾ, ತಗೋ" ಎಂಬ ಮಾತು ಪ್ರೀತಿಯಿಂದಲೇ ಬರುತ್ತದೆ. ಸಕ್ಕರೆ ಕಾಯಿಲೆಯವನು ಹಬ್ಬಕ್ಕೊಂದು ಹೋಳಿಗೆ ತಿಂದು ಸುಧಾರಿಸಿಕೊಳ್ಳುವುದನ್ನು ಕಂಡವರಿಗೆ ಇದೂ ಅಂಥದ್ದೇ ಪಥ್ಯ ಅನ್ನಿಸುವುದು ಸಹಜ. ಆದರೆ ಇಲ್ಲಿ ಒಂದು ತುತ್ತಿಗೂ ಒಂದು ಊಟಕ್ಕೂ ನಡುವಿನ ವ್ಯತ್ಯಾಸ ಕರುಳಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ.

ಯಾಕೆ ಹೀಗೆ? ನಾವು ತಿಂದ ಪ್ರೋಟೀನನ್ನು ಹೊಟ್ಟೆ ಮತ್ತು ಸಣ್ಣ ಕರುಳಿನ ಕಿಣ್ವಗಳು ತುಂಡು ತುಂಡು ಮಾಡಿ ಅಮೈನೊ ಆಮ್ಲಗಳಾಗಿ ಬಿಡಿಸುತ್ತವೆ. ಗೋಧಿಯ ಗ್ಲುಟೆನ್ನಿನಲ್ಲಿ ಪ್ರೊಲೀನ್ ಮತ್ತು ಗ್ಲುಟಮಿನ್ ಎಂಬ ಎರಡು ಅಮೈನೊ ಆಮ್ಲಗಳು ವಿಪರೀತ ಹೆಚ್ಚು. ಪ್ರೊಲೀನ್ ಇರುವ ಕಡೆ ನಮ್ಮ ಕಿಣ್ವಗಳ ಕತ್ತರಿ ಓಡುವುದಿಲ್ಲ. 2002ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಚೈತನ್ ಖೋಸ್ಲಾ ಮತ್ತು ಸಂಗಡಿಗರು ಹೀಗೆ ಕತ್ತರಿಗೆ ಸಿಗದೆ ಉಳಿಯುವ, 33 ಅಮೈನೊ ಆಮ್ಲಗಳಷ್ಟು ಉದ್ದದ ಒಂದು ತುಣುಕನ್ನು ಗುರುತಿಸಿದರು. ಇಂಥ ತುಣುಕುಗಳು ನಮ್ಮೆಲ್ಲರ ಕರುಳಿನಲ್ಲೂ ಉಳಿಯುತ್ತವೆ, ಏನೂ ಮಾಡದೆ ಹೊರಗೆ ಹೋಗುತ್ತವೆ. ಸೀಲಿಯಾಕ್ ಇರುವವರಲ್ಲಿ ಮಾತ್ರ ಅವು ಕರುಳಿನ ಗೋಡೆ ದಾಟಿ ಒಳಗೆ ಬಂದಾಗ ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ನಮ್ಮದೇ ಕಿಣ್ವ ಅವುಗಳ ರೂಪವನ್ನು ಸ್ವಲ್ಪ ಬದಲಿಸುತ್ತದೆ. ಬದಲಾದ ಆ ತುಣುಕು ರೋಗನಿರೋಧಕ ಕೋಶಗಳ ಕಣ್ಣಿಗೆ ಶತ್ರುವಾಗಿ ಕಾಣುತ್ತದೆ. ಆಮೇಲೆ ದಾಳಿ ನಡೆಯುವುದು ಬರೀ ಗ್ಲುಟೆನ್ ಮೇಲಲ್ಲ, ಆ ಕಿಣ್ವದ ಮೇಲೂ, ಕರುಳಿನ ಮೇಲೂ. ದಾಳಿಗೆ ಗುರಿಯಾಗುವ ಕಿಣ್ವ ಇದೇ ಎಂಬುದನ್ನು 1997ರಲ್ಲಿ ಜರ್ಮನಿಯ ಡೆಟ್ಲೆಫ್ ಶುಪಾನ್ ತಂಡ ಪತ್ತೆ ಮಾಡಿದ ಮೇಲೆಯೇ ಇವತ್ತಿನ ಸರಳ ರಕ್ತಪರೀಕ್ಷೆ ಸಾಧ್ಯವಾದದ್ದು.

ಸಣ್ಣ ಕರುಳಿನ ಒಳಮೈ ಟರ್ಕಿ ಟವೆಲ್ಲಿನ ಹಾಗೆ ಲಕ್ಷಾಂತರ ಎಳೆಗಳಿಂದ ತುಂಬಿರುತ್ತದೆ. ಈ ಎಳೆಗಳೇ ಆಹಾರದ ಸತ್ವ ಹೀರುವುದು. ದಾಳಿಗೆ ಸಿಕ್ಕು ಇವು ಸವೆದು ಚಪ್ಪಟೆಯಾಗುತ್ತವೆ. ಕಬ್ಬಿಣಾಂಶ ಹೀರುವ ಜಾಗ ಸಣ್ಣ ಕರುಳಿನ ಮೊದಲ ಭಾಗ, ಮೊದಲ ಪೆಟ್ಟು ಬೀಳುವುದೂ ಅಲ್ಲಿಗೇ. ಹಾಗಾಗಿ ಎಷ್ಟೋ ಜನರಲ್ಲಿ ಭೇದಿ, ಹೊಟ್ಟೆ ಉಬ್ಬರ ಏನೂ ಇಲ್ಲದೆ ಬರೀ ರಕ್ತಹೀನತೆಯಾಗಿ ಈ ಕಾಯಿಲೆ ಕಾಣಿಸಿಕೊಳ್ಳುತ್ತದೆ. ತಿಂಗಳುಗಟ್ಟಲೆ ಕಬ್ಬಿಣದ ಗುಳಿಗೆ ನುಂಗಿದರೂ ಹಿಮೋಗ್ಲೋಬಿನ್ ಏರದ ಹುಡುಗಿಯನ್ನು "ಸೊಪ್ಪು ತಿನ್ನೂದಿಲ್ಲ, ಅದಕ್ಕ" ಎಂದು ಬೈಯುವ ಮೊದಲು ಈ ಸಾಧ್ಯತೆಯನ್ನೂ ಒಮ್ಮೆ ನೋಡಬೇಕು. ಮಕ್ಕಳ ಎತ್ತರ ನಿಂತುಹೋಗುವುದು, ಸದಾ ಸುಸ್ತು, ಎಳೆ ವಯಸ್ಸಿಗೇ ಸವೆದ ಮೂಳೆ, ಇವೂ ಅದರ ಮುಖಗಳೇ.

ಗೋಧಿಗೂ ಈ ಕಾಯಿಲೆಗೂ ಸಂಬಂಧವಿದೆ ಎಂದು ಗೊತ್ತಾದದ್ದು ತೀರ ಇತ್ತೀಚೆಗೆ. ಲಂಡನ್ನಿನ ಸ್ಯಾಮ್ಯುಯಲ್ ಗೀ 1888ರಲ್ಲಿ ಕಾಯಿಲೆಯ ಲಕ್ಷಣಗಳನ್ನು ಸ್ಪಷ್ಟವಾಗಿ ಬರೆದು, ಇದು ವಾಸಿಯಾಗುವುದಿದ್ದರೆ ಪಥ್ಯದಿಂದಲೇ ಎಂದಿದ್ದರು. ಯಾವ ಪಥ್ಯ ಎಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ. ಒಂದು ಮಗು ದಿನವೂ ಡಚ್ ಕಡಲಿನ ಚಿಪ್ಪಿಮಾಂಸ ತಿಂದು ಸುಧಾರಿಸಿತು, ಋತು ಮುಗಿದ ಮೇಲೆ ಮತ್ತೆ ಬಿದ್ದುಕೊಂಡಿತು ಎಂದು ದಾಖಲಿಸಿದ್ದಾರೆ. ಚಿಪ್ಪಿಮಾಂಸದಿಂದ ಹೊಟ್ಟೆ ತುಂಬಿದ ದಿನಗಳಲ್ಲಿ ಆ ಮಗು ಬ್ರೆಡ್ಡು ತಿಂದದ್ದು ಕಡಿಮೆ ಇರಬೇಕು ಎಂದು ಈಗ ನಮಗೆ ಅನ್ನಿಸುತ್ತದೆ. ಉತ್ತರ ಕೊಟ್ಟವರು ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲೆಮ್ ಡಿಕೆ. ಗೋಧಿಯ ಮೇಲೆ ಅವರಿಗೆ ಮೊದಲೇ ಅನುಮಾನವಿತ್ತು. 1944–45ರ ಚಳಿಗಾಲದಲ್ಲಿ ಜರ್ಮನರ ದಿಗ್ಬಂಧನದಿಂದ ಆ ದೇಶದಲ್ಲಿ ಬ್ರೆಡ್ಡೇ ಸಿಗದೆ ಜನ ಟ್ಯುಲಿಪ್ ಗಡ್ಡೆ ತಿಂದು ಬದುಕಿದರು. ಊರೆಲ್ಲ ಸೊರಗುತ್ತಿದ್ದಾಗ ಸೀಲಿಯಾಕ್ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ಡು ಮತ್ತೆ ಬಂದೊಡನೆ ಮತ್ತೆ ಮಲಗಿದರು. 1950ರಲ್ಲಿ ಡಿಕೆ ತಮ್ಮ ಪ್ರಬಂಧದಲ್ಲಿ ಗೋಧಿಯತ್ತ ಬೊಟ್ಟು ಮಾಡಿದರು. ಗೋಧಿಯ ಜೊತೆಗೆ ಬಾರ್ಲಿ ಮತ್ತು ರೈ ಧಾನ್ಯದಲ್ಲೂ ಇದೇ ಬಗೆಯ ಪ್ರೋಟೀನುಗಳಿವೆ. ಅಕ್ಕಿ, ಜೋಳ, ಸಜ್ಜೆ, ರಾಗಿ, ನವಣೆ, ಗೋವಿನಜೋಳದಲ್ಲಿ ಇಲ್ಲ.

ಇದು ಬೆಳಗಾವಿಗೆ ಬಂದು ನಿಲ್ಲುವುದು ಹೇಗೆ ಎಂದು ಕೇಳಬಹುದು. ಭಾರತದಲ್ಲಿ ಈ ಕಾಯಿಲೆಯ ಹಂಚಿಕೆ ಕುರಿತ ದೊಡ್ಡ ಸಮೀಕ್ಷೆಯೊಂದು 2016ರಲ್ಲಿ ಪ್ರಕಟವಾಯಿತು. ಹರಿಯಾಣ, ಅಸ್ಸಾಂ ಮತ್ತು ತಮಿಳುನಾಡಿನ 23 ಸಾವಿರಕ್ಕೂ ಹೆಚ್ಚು ವಯಸ್ಕರ ರಕ್ತಪರೀಕ್ಷೆ ಮಾಡಿದ್ದರು. ಉತ್ತರದಲ್ಲಿ ಸಾವಿರಕ್ಕೆ ಎಂಟಕ್ಕಿಂತ ಹೆಚ್ಚು ಜನರಿಗೆ ಸೀಲಿಯಾಕ್ ಇತ್ತು, ದಕ್ಷಿಣದಲ್ಲಿ ಹತ್ತು ಸಾವಿರಕ್ಕೆ ಒಬ್ಬರಂತೆ. ಕುತೂಹಲದ ಸಂಗತಿ ಎಂದರೆ ಈ ಕಾಯಿಲೆಗೆ ಬೇಕಾದ ವಂಶವಾಹಿ ಮೂರೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿತ್ತು, ಮೂರು ಜನಕ್ಕೆ ಒಬ್ಬರಂತೆ. ಬೇರೆಯಾಗಿದ್ದದ್ದು ತಾಟು. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರು, ದಕ್ಷಿಣದವರು 25 ಗ್ರಾಂ. ಬೀಜ ಎಲ್ಲ ಕಡೆ ಬಿದ್ದಿದೆ, ಮಳೆ ಆದ ಕಡೆ ಮೊಳೆತಿದೆ.

ಬೆಳಗಾವಿ ಈ ಎರಡು ತಾಟುಗಳ ನಡುವೆ ಕೂತಿರುವ ಊರು. ದಕ್ಷಿಣಕ್ಕೆ 26 ಕಿಲೋಮೀಟರು ಹೋದರೆ ಮಲಪ್ರಭೆಯ ದಂಡೆಯ ಖಾನಾಪುರ, ಅಲ್ಲಿಂದಾಚೆ ಜಾಂಬೋಟಿ, ಕಣಕುಂಬಿಯ ಮಳೆಕಾಡು, ಕೆಂಪು ಮಣ್ಣು, ಭತ್ತದ ಗದ್ದೆ. ಪೂರ್ವಕ್ಕೆ ಬೈಲಹೊಂಗಲ, ಸವದತ್ತಿಯ ಕಡೆ ಎರೆಭೂಮಿ, ಜೋಳ, ಕಡಲೆ, ಹಿಂಗಾರಿಯ ಗೋಧಿ. ನಗರದ ಊಟದಲ್ಲಿ ಎರಡೂ ಸೇರುತ್ತವೆ: ಜೋಳದ ರೊಟ್ಟಿ, ಚಪಾತಿ, ಕೊನೆಗೆ ಅನ್ನ. ಹಿಂದೆ ಗೋಧಿ ಇಲ್ಲಿ ಹಬ್ಬದ ಧಾನ್ಯವಾಗಿತ್ತು. ಹೋಳಿಗೆ, ಮಾದಲಿ, ಹುಗ್ಗಿ, ಶ್ಯಾವಿಗೆ ಎಲ್ಲ ಗೋಧಿಯವೇ. ದಿನದ ಹೊಟ್ಟೆ ತುಂಬಿಸುತ್ತಿದ್ದದ್ದು ಜೋಳ. ಈಗ ರೂಮಿನ ಹುಡುಗರ ದಿನದ ಊಟ ಚಪಾತಿ ಆಗಿದೆ. ಕಾರಣ ಸರಳ, ರೊಟ್ಟಿ ಬಡಿಯಲು ಬರುವುದಿಲ್ಲ.

ರೊಟ್ಟಿ ಬಡಿಯಲು ಯಾಕೆ ಕಷ್ಟ, ಚಪಾತಿ ಲಟ್ಟಿಸಲು ಯಾಕೆ ಸುಲಭ ಎಂಬುದರಲ್ಲೇ ಗ್ಲುಟೆನ್ನಿನ ಪೂರ್ತಿ ವಿಜ್ಞಾನ ಅಡಗಿದೆ. ಗೋಧಿ ಹಿಟ್ಟಿಗೆ ತಣ್ಣೀರು ಹಾಕಿ ನಾದಿದರೆ ಅದರ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡು ರಬ್ಬರಿನಂತೆ ಜಗ್ಗುವ ಬಲೆಯಾಗುತ್ತವೆ. ಎಳೆದರೆ ಹರಿಯುವುದಿಲ್ಲ, ಬೆಂದರೆ ಉಬ್ಬುತ್ತದೆ. ಜೋಳದಲ್ಲಿ ಇರುವ ಕ್ಯಾಫಿರಿನ್ ಎಂಬ ಪ್ರೋಟೀನಿಗೆ ಈ ಗುಣ ಇಲ್ಲ. ಅದಕ್ಕೇ ನಮ್ಮ ಅವ್ವಂದಿರು ಹಿಟ್ಟಿಗೆ ಕುದಿಯುವ ಎಸರು ಹಾಕುವುದು. ಬಿಸಿನೀರಿಗೆ ಹಿಟ್ಟಿನ ಪಿಷ್ಟ ಅರೆ ಬೆಂದು ಅಂಟಾಗುತ್ತದೆ, ಅಂಗೈ ಬಲದಲ್ಲಿ ಮಿದ್ದರೆ ಆ ಅಂಟೇ ಹಿಟ್ಟನ್ನು ಹಿಡಿದಿಡುತ್ತದೆ. ಆದರೂ ಅದು ಜಗ್ಗುವುದಿಲ್ಲ, ಹಾಗಾಗಿ ಲಟ್ಟಿಸುವ ಬದಲು ಬಡಿಯಬೇಕು, ಅಂಚು ಸೀಳದಂತೆ ಬೆರಳಿನಿಂದ ಸರಿಮಾಡುತ್ತ ತಿರುಗಿಸಬೇಕು. ಹಿಟ್ಟು ಹಳೆಯದಾದರೆ ಜಿಗಿ ಹೋಗಿ ಅದೂ ಆಗುವುದಿಲ್ಲ. ಆಗ ಬಹಳ ಮನೆಗಳಲ್ಲಿ ಒಂದು ಹಿಡಿ ಗೋಧಿ ಹಿಟ್ಟು ಬೆರೆಸುತ್ತಾರೆ. ಕೆಲವು ಖಾನಾವಳಿಗಳಲ್ಲೂ ಇದೇ ಉಪಾಯ. ಬೇರೆಯವರಿಗೆ ಅದು ಅಡುಗೆಯ ಜಾಣತನ, ಸೀಲಿಯಾಕ್ ಇರುವವನಿಗೆ ಮೋಸ. "ಜ್ವಾಳದ ರೊಟ್ಟಿ ಅದಾವೇನ್ರಿ" ಎಂದು ಕೇಳಿದರೆ ಸಾಲದು, "ಗೋದಿ ಏನರ ಕೂಡ್ಸೀರೇನು" ಎಂದೂ ಕೇಳಬೇಕು.

ಜೋಳ ಸೀಲಿಯಾಕ್ ರೋಗಿಗಳಿಗೆ ನಿಜಕ್ಕೂ ಸುರಕ್ಷಿತವೇ ಎಂದು ಇಟಲಿಯ ನೇಪಲ್ಸಿನಲ್ಲಿ ಸಂಶೋಧಕರು ಪರೀಕ್ಷಿಸಿ 2007ರಲ್ಲಿ ಹೌದು ಎಂದು ವರದಿ ಮಾಡಿದರು. ನಾಲ್ಕು ದಿನ ಅವರನ್ನು ಗೋಕಾಕದಲ್ಲಿ ಇರಿಸಿದ್ದರೆ ಪರೀಕ್ಷೆಯ ಜೊತೆಗೆ ಊಟವೂ ಆಗುತ್ತಿತ್ತು. ಪೇಟೆಯಲ್ಲಿ ಗ್ಲುಟೆನ್ ಇಲ್ಲದ ಹಿಟ್ಟು ಎಂದು ಪೊಟ್ಟಣದಲ್ಲಿ ಮಾರುವ ವಸ್ತುವಿನ ಬೆಲೆ ನೋಡಿದರೆ ಎದೆ ಝಲ್ಲೆನ್ನುತ್ತದೆ. ನನ್ನ ಅಭಿಪ್ರಾಯದಲ್ಲಿ ಬೆಳಗಾವಿಯ ವಿದ್ಯಾರ್ಥಿ ಆ ಪೊಟ್ಟಣದ ಆಸೆ ಬಿಟ್ಟು ಒಂದು ತಿಂಗಳು ಕೂತು ರೊಟ್ಟಿ ಬಡಿಯುವುದನ್ನು ಕಲಿಯುವುದೇ ಲೇಸು.

ಆದರೆ ಜೋಳದ ಕಾಳು ಸುರಕ್ಷಿತ ಎಂದ ಮಾತ್ರಕ್ಕೆ ಜೋಳದ ಹಿಟ್ಟು ಸುರಕ್ಷಿತ ಅಲ್ಲ. ನಡುವೆ ಗಿರಣಿ ಇದೆ. ಓಣಿಯ ಗಿರಣಿಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ಬರ ಗೋಧಿ, ಇನ್ನೊಬ್ಬರ ಜೋಳ, ಮತ್ತೊಬ್ಬರ ಅಕ್ಕಿ ಅದೇ ಕಲ್ಲುಗಳ ನಡುವೆ ಹಾಯುತ್ತವೆ. ಕಲ್ಲಿನ ಸುತ್ತ, ಹಿಟ್ಟು ಬೀಳುವ ಬಟ್ಟೆಯ ಚೀಲದ ಮಡಿಕೆಗಳಲ್ಲಿ ಹಿಂದಿನವರ ಹಿಟ್ಟು ಉಳಿದಿರುತ್ತದೆ. ಅಲ್ಲಿ ಒಂದು ಹಿಡಿ, ಅಂದರೆ 50 ಗ್ರಾಂ ಗೋಧಿ ಹಿಟ್ಟು ಉಳಿದಿದೆ ಎಂದಿಟ್ಟುಕೊಳ್ಳಿ. ಅದರ ಮೇಲೆ ನಿಮ್ಮ 5 ಕಿಲೋ ಜೋಳ ಬೀಸಿದರೆ ಆ ಹಿಟ್ಟಿನ ಪ್ರತಿ ಕಿಲೋದಲ್ಲಿ ಸುಮಾರು 880 ಮಿಲಿಗ್ರಾಂ ಗ್ಲುಟೆನ್ ಸೇರುತ್ತದೆ. ಗ್ಲುಟೆನ್ ಇಲ್ಲದ ಆಹಾರ ಎಂದು ಕರೆಯಿಸಿಕೊಳ್ಳಲು ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡವೂ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರವೂ ಇಟ್ಟಿರುವ ಮಿತಿ ಕಿಲೋಗೆ 20 ಮಿಲಿಗ್ರಾಂ. ನಮ್ಮ ಹಿಟ್ಟು ಅದರ 44 ಪಟ್ಟು. 5 ಕಿಲೋ ಹಿಟ್ಟು ಆ ಮಿತಿಯೊಳಗೆ ಇರಬೇಕಾದರೆ ಅರ್ಧ ಚಮಚಕ್ಕಿಂತ ಹೆಚ್ಚು ಗೋಧಿ ಹಿಟ್ಟು ಅದರಲ್ಲಿ ಬೀಳಕೂಡದು.

ಮಿತಿ 20 ಯಾಕೆ ಎನ್ನುವುದಕ್ಕೂ ಲೆಕ್ಕವಿದೆ. ದಿನಕ್ಕೆ ಅರ್ಧ ಕಿಲೋ ಅಂಥ ಹಿಟ್ಟು ತಿಂದರೂ ಒಳಗೆ ಹೋಗುವುದು 10 ಮಿಲಿಗ್ರಾಂ. ಆ ಹತ್ತರ ಸಂಖ್ಯೆಯ ಹಿಂದೆ ಇಟಲಿಯ ಕಾರ್ಲೊ ಕಟಾಸ್ಸಿ ತಂಡದ 2007ರ ಪ್ರಯೋಗದಂಥ ಅಧ್ಯಯನಗಳಿವೆ. ಸೀಲಿಯಾಕ್ ಇರುವವರಿಗೆ ಅವರು ದಿನಕ್ಕೊಂದು ಗುಳಿಗೆಯಲ್ಲಿ ಮೂರು ತಿಂಗಳು ಗ್ಲುಟೆನ್ ಕೊಟ್ಟು ಕರುಳಿನ ಚೂರು ತೆಗೆದು ನೋಡಿದರು. 50 ಮಿಲಿಗ್ರಾಂ ತಿಂದವರ ಕರುಳಿನ ಎಳೆಗಳು ಸವೆದಿದ್ದವು.

ಹಾಗಾದರೆ ಗಿರಣಿ ಬಿಡಬೇಕೆ? ಬಿಡಬೇಕಿಲ್ಲ. ಬೆಳಿಗ್ಗೆ ಗಿರಣಿ ತೆರೆದು ಕಲ್ಲು, ಚೀಲ ಕೊಡವಿದ ಮೇಲೆ ಮೊದಲ ಪಾಳಿ ಕೇಳಿಕೊಳ್ಳುವುದು, ಮೊದಲು ಬಿದ್ದ ಒಂದೆರಡು ಕಿಲೋ ಹಿಟ್ಟನ್ನು ರೂಮಿನ ಉಳಿದವರಿಗೆ ಬಿಟ್ಟುಕೊಟ್ಟು ಆಮೇಲಿನದನ್ನು ತಾನು ಇಟ್ಟುಕೊಳ್ಳುವುದು, ಇವೆರಡರಿಂದ ಅಪಾಯ ಬಹಳ ಇಳಿಯುತ್ತದೆ. "ಕಾಕಾ, ಗೋದಿ ಹಾಕೂಕಿಂತ ಮೊದ್ಲ ನಮ್ಮ ಜ್ವಾಳ ಹಾಕಿ ಕೊಡ್ರಿ, ಹೊಟ್ಟಿದು ತ್ರಾಸ ಐತಿ" ಎಂದು ಒಮ್ಮೆ ಬಿಡಿಸಿ ಹೇಳಿದರೆ ಇಲ್ಲ ಎನ್ನುವ ಗಿರಣಿಯವರು ಕಡಿಮೆ. ಮನೆಯವರ ಬಳಿ ಘರಘಂಟಿ ಇದ್ದು ಅದರಲ್ಲಿ ಜೋಳ, ಅಕ್ಕಿ ಮಾತ್ರ ಬೀಸುವುದಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಬೀಸುವ ಮೊದಲು ಕಾಳನ್ನು ಮರದಲ್ಲಿ ಹಾಕಿ ಹಸನು ಮಾಡುವ ಹಳೆಯ ಕೆಲಸ ಇಲ್ಲಿ ದೊಡ್ಡ ಉಪಕಾರಕ್ಕೆ ಬರುತ್ತದೆ. ರವಿವಾರ ಪೇಟೆಯ ಅಂಗಡಿಯಲ್ಲಿ ಜೋಳದ ಚೀಲದ ಪಕ್ಕ ಗೋಧಿಯ ಚೀಲ, ತೂಗುವ ಬುಟ್ಟಿ ಎರಡಕ್ಕೂ ಒಂದೇ. ಆದರೆ ಜೋಳದ ಕಾಳು ಮುತ್ತಿನಂತೆ ದುಂಡಗೆ, ಗೋಧಿಯದು ಉದ್ದಕ್ಕೆ, ಹೊಟ್ಟೆಯ ಮೇಲೊಂದು ಗೀರು. ಬಿಳಿ ಜೋಳವನ್ನು ಮರದಲ್ಲಿ ತೆಳ್ಳಗೆ ಹರಡಿ ಒಮ್ಮೆ ಅಲುಗಿಸಿದರೆ ದುಂಡು ಕಾಳು ಉರುಳುತ್ತದೆ, ಉದ್ದ ಕಾಳು ಉರುಳದೆ ನಿಂತು ಸಿಕ್ಕಿಬೀಳುತ್ತದೆ. ಓಟ್ಸ್‌ನಲ್ಲಿ ಈ ಸುಖ ಇಲ್ಲ, ಅಲ್ಲಿ ಬಾರ್ಲಿ ಕಾಳು ಬೆರೆತರೆ ಕಣ್ಣಿಗೆ ಬೇರೆ ಕಾಣುವುದು ಕಷ್ಟ.

ಖಪ್ಲಿಯ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬೆಳಗಾವಿ ಸೀಮೆಯಲ್ಲಿ ಸದಕ, ಜವೆಗೋಧಿ, ಖಪ್ಲಿ ಎಂದು ಕರೆಯುವ ಹೊಟ್ಟು ಬಿಡದ ಹಳೆಯ ಗೋಧಿ ಉಂಟು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ ಸರಣಿಯ ತಳಿಗಳನ್ನು ಬಿಡುಗಡೆ ಮಾಡಿ ಅದನ್ನು ಉಳಿಸಿಕೊಂಡಿದೆ. ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದು ಎಂದು ಅದಕ್ಕೆ ಬೇಡಿಕೆ ಏರಿದೆ. ಅದರ ಬೆನ್ನಿಗೆ "ಇದರಲ್ಲಿ ಗ್ಲುಟೆನ್ ಇಲ್ಲ" ಎಂಬ ಮಾತೂ ಓಡಾಡುತ್ತಿದೆ. ಅದು ಶುದ್ಧ ಸುಳ್ಳು. ಸಾಮಾನ್ಯ ಗೋಧಿಯಲ್ಲಿ 42 ವರ್ಣತಂತುಗಳು, ಖಪ್ಲಿಯಲ್ಲಿ 28. ಮೊದಲು ಹೇಳಿದ ಆ 33ರ ತುಣುಕು ಖಪ್ಲಿಯಲ್ಲಿಲ್ಲದ ವರ್ಣತಂತುಗಳ ಗುಂಪಿನಿಂದ ಬರುವಂಥದ್ದು, ಅಷ್ಟು ನಿಜ. ಆದರೆ ಕರುಳನ್ನು ಕೆರಳಿಸುವ ಬೇರೆ ತುಣುಕುಗಳು ಖಪ್ಲಿಯಲ್ಲೂ ಧಾರಾಳವಾಗಿವೆ. ರುಚಿಯಾದ ಧಾನ್ಯ, ನಮ್ಮ ನೆಲದ ಧಾನ್ಯ, ಹುಗ್ಗಿಗೆ ಅದಕ್ಕೆ ಸಾಟಿಯಿಲ್ಲ. ಸೀಲಿಯಾಕ್ ಇರುವವರಿಗೆ ಮಾತ್ರ ಕೂಡದು.

ಇನ್ನು ರೂಮಿನ ಒಳಗೆ ಬರೋಣ. ಹಿಟ್ಟು ಗ್ರಾಮುಗಟ್ಟಲೆ ಚೆಲ್ಲುವ ಜಾಗ ಲಟ್ಟಣಿಗೆ ಮಣೆ. ಚಪಾತಿ ಲಟ್ಟಿಸುವವನು ಉಂಡೆಯನ್ನು ಒಣಹಿಟ್ಟಿನಲ್ಲಿ ಅದ್ದಿ, ಮಣೆಗೊಂದಿಷ್ಟು ಉದುರಿಸಿ, ಲಟ್ಟಿಸಿದ ಮೇಲೆ ಅಂಗೈಯಿಂದ ಕೊಡವುತ್ತಾನೆ. ಆ ಹಿಟ್ಟು ಒಲೆಯ ಕಟ್ಟೆ, ಪಕ್ಕದ ಪಾತ್ರೆ, ಅವನ ಅಂಗಿ ಎಲ್ಲದರ ಮೇಲೂ ಕೂರುತ್ತದೆ. ಮರದ ಮಣೆಯ ಸೀಳುಗಳಲ್ಲಿ ನಾದಿದ ಹಿಟ್ಟು ಒಣಗಿ ಕಲ್ಲಾಗಿರುತ್ತದೆ. ಬೇಯಿಸಿದರೆ, ಕುದಿಸಿದರೆ ಹೋಗುತ್ತದೆ ಎಂದು ಕೆಲವರು ನಂಬಿದ್ದಾರೆ. ಗ್ಲುಟೆನ್ ರೋಗಾಣುವಲ್ಲ, ಬಿಸಿಗೆ ಸಾಯುವುದಕ್ಕೆ ಅದಕ್ಕೆ ಜೀವವಿಲ್ಲ. ಅದು ಹೋಗುವುದು ನೀರು, ಸೋಪು, ತಿಕ್ಕಾಟದಿಂದ. ಸ್ಟೀಲಿನ ತಾಟು, ಚಮಚ, ಕುಕ್ಕರ್, ಗಾಜಿನ ಲೋಟ ಇವನ್ನೆಲ್ಲ ಚೆನ್ನಾಗಿ ತೊಳೆದು ಹಂಚಿಕೊಳ್ಳಬಹುದು, ಬೇರೆ ಕೊಳ್ಳುವ ಖರ್ಚು ಬೇಡ. ಮರದ ಮಣೆ, ಲಟ್ಟಣಿಗೆ, ಮರದ ಸೌಟು, ಹಿಟ್ಟು ಜರಡಿ ಮಾತ್ರ ಪ್ರತ್ಯೇಕ ಇರಲಿ. ಜರಡಿಯ ಕಣ್ಣುಗಳನ್ನು ಎಷ್ಟು ತಿಕ್ಕಿದರೂ ಪೂರ್ತಿ ಬಿಡಿಸಲಾಗದು. ಖಾನಾಪುರದ ಕುಂಬಾರರ ಮಣ್ಣಿನ ಹಂಚು, ಗಡಿಗೆಗಳಿಗೂ ಇದೇ ಮಾತು. ಸಣ್ಣ ರಂಧ್ರಗಳ ಮೈ ಅವುಗಳದು, ಸೋಪು ಹಾಕಿ ತಿಕ್ಕುವಂಥದ್ದೂ ಅಲ್ಲ. ಹೊಸದೊಂದು ತಂದು ಜೋಳಕ್ಕೇ ಮೀಸಲಿಟ್ಟರೆ ಆಯಿತು.

ಕಬ್ಬಿಣದ ಹಂಚು ಒಂದೇ ಇದ್ದಾಗ ಏನು ಮಾಡುವುದು? ಪಾಳಿ. ಹಂಚನ್ನು ತಿಕ್ಕಿ ತೊಳೆದು ಮೊದಲು ರೊಟ್ಟಿ, ಆಮೇಲೆ ಚಪಾತಿ. ಜೋಳದ ರೊಟ್ಟಿ ಬೆಂದು ಡಬ್ಬಿ ಸೇರಿ ಮುಚ್ಚಳ ಬಿದ್ದ ಮೇಲೆ ಗೋಧಿ ಹಿಟ್ಟಿನ ಡಬ್ಬಿ ತೆರೆಯಬೇಕು. ಗೋಧಿ ಡಬ್ಬಿ ಕೆಳಗಿನ ಹಲಗೆಯಲ್ಲಿ, ಜೋಳದ್ದು ಮೇಲೆ, ಯಾಕೆಂದರೆ ಹಿಟ್ಟು ಕೆಳಕ್ಕೇ ಉದುರುತ್ತದೆ. ಇಷ್ಟು ಶಿಸ್ತಿಗೆ ಹಣ ಬೇಕಿಲ್ಲ.

ಭಯ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದನ್ನು ಅಳೆದು ನೋಡಿದವರಿದ್ದಾರೆ. 2020ರಲ್ಲಿ ಅಮೆರಿಕದ ಸಂಶೋಧಕರು ಒಂದೇ ಟೋಸ್ಟರಿನಲ್ಲಿ ಮಾಮೂಲಿ ಬ್ರೆಡ್ಡು ಸುಟ್ಟು ಆಮೇಲೆ ಗ್ಲುಟೆನ್ ಇಲ್ಲದ ಬ್ರೆಡ್ಡು ಸುಟ್ಟು ಪರೀಕ್ಷಿಸಿದರು, ಯಾವುದೂ 20ರ ಮಿತಿ ದಾಟಲಿಲ್ಲ. ಆದರೆ ಗೋಧಿ ಪಾಸ್ತಾ ಬೇಯಿಸಿದ ನೀರಿನಲ್ಲೇ ಗ್ಲುಟೆನ್ ಇಲ್ಲದ ಪಾಸ್ತಾ ಬೇಯಿಸಿದರೆ ಮಿತಿ ದಾಟಿತು. ಕರಿಯುವ ಎಣ್ಣೆಯದೂ ಹಾಗೆಯೇ. ಗೋಧಿಯ ತಿನಿಸು ಕರಿದ ಎಣ್ಣೆಯಲ್ಲಿ ಕರಿದ ಆಲೂಗಡ್ಡೆಯ 20 ಮಾದರಿಗಳಲ್ಲಿ 9ರಲ್ಲಿ ಗ್ಲುಟೆನ್ ಸಿಕ್ಕಿತೆಂದು 2021ರ ವರದಿಯೊಂದು ಹೇಳುತ್ತದೆ. ಖಡೇಬಜಾರದ ಸಂಜೆಗೆ ಇದನ್ನು ಅನ್ವಯಿಸಿ: ಕಡಲೆಹಿಟ್ಟಿನ ಮಿರ್ಚಿ ಭಜಿಯಲ್ಲಿ ಗೋಧಿ ಇಲ್ಲ, ಆದರೆ ಅದೇ ಬಾಣಲೆಯಲ್ಲಿ ಮುಂಚೆ ಪೂರಿ, ಸಮೋಸ ಕರಿದಿದ್ದರೆ ಕಥೆ ಬೇರೆ. ಒಟ್ಟಿಗೆ ಕೂತು ಉಣ್ಣುವುದಕ್ಕೆ, ಚಪಾತಿ ತಿಂದವನ ಪಕ್ಕ ಮಲಗುವುದಕ್ಕೆ ಅಂಜಬೇಕಿಲ್ಲ. ಅಂಜಬೇಕಾದದ್ದು ಶೇಂಗಾ ಹಿಂಡಿಯ ಬಾಟ್ಲಿಗೆ. ಚಪಾತಿ ಹಿಡಿದ ಕೈಯಿಂದ ಹಿಂಡಿ ತೆಗೆದಾಗ ಒಳಗೆ ಬಿದ್ದ 100 ಮಿಲಿಗ್ರಾಂ ತೂಕದ ಒಂದು ಚೂರಿನಲ್ಲಿ ಸುಮಾರು 6 ಮಿಲಿಗ್ರಾಂ ಗ್ಲುಟೆನ್ ಇರುತ್ತದೆ, ದಿನದ ಪಾಲಿನ ಅರ್ಧಕ್ಕಿಂತ ಹೆಚ್ಚು. ಉಪ್ಪಿನಕಾಯಿ, ಮೊಸರು, ಬೆಣ್ಣೆಗೂ ಅದೇ. ಹಿಂಡಿ, ಮೊಸರು ಬೇರೆ ಡಬ್ಬಿಯಲ್ಲಿ ಇಡುವುದು ಬೇರೆ ಒಲೆ ಕೊಳ್ಳುವುದಕ್ಕಿಂತ ಎಷ್ಟೋ ಉಪಯುಕ್ತ.

ಕಣ್ಣಿಗೆ ಕಾಣದ ಇನ್ನೊಂದು ದಾರಿ ಇಂಗು. ಅಂಗಡಿಯಲ್ಲಿ ಸಿಗುವ ಪುಡಿ ಇಂಗು ಶುದ್ಧ ಇಂಗಲ್ಲ. ತೀಕ್ಷ್ಣವಾದ ಆ ಅಂಟನ್ನು ಬಳಸಲು ಬರುವಂತೆ ಗೋಂದು, ಹಿಟ್ಟು ಬೆರೆಸಿರುತ್ತಾರೆ, ಬಹಳ ಸಲ ಅದು ಗೋಧಿ ಹಿಟ್ಟು ಅಥವಾ ಮೈದಾ. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ. ಗೋಧಿ, ಬಾರ್ಲಿಯಂಥ ಗ್ಲುಟೆನ್ ಇರುವ ಧಾನ್ಯ ಬಳಸಿದ್ದರೆ ಪೊಟ್ಟಣದ ಮೇಲೆ ಅದನ್ನು ಹೇಳಲೇಬೇಕೆಂದು 2020ರ ಲೇಬಲ್ ನಿಯಮಗಳು ಹೇಳುತ್ತವೆ. ಮಾಲ್ಟ್ ಹಾಕಿದ ಹಾಲಿನ ಪುಡಿಗಳಲ್ಲಿ ಬಾರ್ಲಿ ಇರುತ್ತದೆ, ಬಿಯರಿನಲ್ಲೂ. ಸೋಯಾ ಸಾಸಿನಲ್ಲಿ ಗೋಧಿ, ಗೋಬಿ ಮಂಚೂರಿಯಲ್ಲಿ ಮೈದಾ. ಉಪ್ಪಿಟ್ಟು, ರವಾ ಇಡ್ಲಿಯ ರವೆ ಗೋಧಿಯದೇ ಎಂಬುದು ಎಷ್ಟೋ ಜನರಿಗೆ ಹೊಳೆಯುವುದಿಲ್ಲ, ಸತ್ಯನಾರಾಯಣ ಪೂಜೆಯ ಪ್ರಸಾದವೂ ರವೆಯದು. ಬೆಳಗಾವಿಯ ಕುಂದಾ ಹಾಲು, ಸಕ್ಕರೆಯದು, ಅಲ್ಲಿ ಬಚಾವು.

ಪಾತ್ರೆ ಬೇರೆ ಮಾಡುವ ವಿಷಯದಲ್ಲಿ ವಿಜ್ಞಾನದ ಪುಸ್ತಕಗಳು ಸಾಮಾನ್ಯವಾಗಿ ಹೇಳದ ಒಂದು ತೊಡಕು ನಮ್ಮಲ್ಲಿದೆ. ನಮ್ಮ ನಾಡಿನಲ್ಲಿ ಬೇರೆ ತಾಟು, ಬೇರೆ ಲೋಟ ಎಂದರೆ ಅದಕ್ಕೊಂದು ಕೆಟ್ಟ ಚರಿತ್ರೆ ಇದೆ. "ನನ್ನ ಮಣೆ ಮುಟ್ಟಬ್ಯಾಡ" ಎಂದು ಒಬ್ಬ ಹುಡುಗ ಹೇಳಿದರೆ ಇನ್ನೊಬ್ಬನ ಅಜ್ಜ ಚಹಾದಂಗಡಿಯಲ್ಲಿ ಕಂಡ ಬೇರೆ ಕಪ್ಪು ನೆನಪಾಗಬಹುದು. ಮಡಿಗೂ ಇದಕ್ಕೂ ಇರುವ ಅಂತರವನ್ನು ಮೊದಲ ದಿನವೇ ಬಿಡಿಸಿ ಹೇಳುವುದು ಒಳ್ಳೆಯದು. ಮಡಿ ನೋಡುವುದು ಮುಟ್ಟಿದವರು ಯಾರು ಎಂದು. ಗ್ಲುಟೆನ್ನಿಗೆ ಯಾರು ಮುಟ್ಟಿದರೆಂಬುದು ಬೇಕಾಗಿಲ್ಲ, ಕೈಗೆ ಯಾವ ಹಿಟ್ಟು ಅಂಟಿತ್ತು ಎಂಬುದಷ್ಟೇ ಬೇಕು. ಕೈ ತೊಳೆದುಕೊಂಡ ಯಾರು ಬೇಕಾದರೂ ಆ ಮಣೆಯ ಮೇಲೆ ರೊಟ್ಟಿ ಬಡಿಯಬಹುದು. ವಾರಕ್ಕೆರಡು ದಿನ ಇಡೀ ರೂಮು ಜೋಳದ ರೊಟ್ಟಿ, ಅನ್ನ, ಬೇಳೆಯಲ್ಲೇ ಮುಗಿಸಿದರೆ ಬೇರೆ ಎಂಬ ಮಾತೇ ಆ ದಿನ ಏಳುವುದಿಲ್ಲ, ಖರ್ಚೂ ಕಡಿಮೆ.

ಶನಿವಾರ ಖಾನಾಪುರದ ಮನೆಗೆ ಹೋಗುವ ಹುಡುಗನಿಗೆ ದಾರಿ ಇನ್ನೂ ಸಲೀಸು. ಅಲ್ಲಿ ಇಂದ್ರಾಯಣಿ ಅಕ್ಕಿಯ ಅನ್ನ, ಅಕ್ಕಿಯ ಭಾಕರಿ, ಚೌತಿಗೆ ಅಕ್ಕಿ ಹಿಟ್ಟಿನ ಉಗಿ ಮೋದಕ. ಗೋಧಿ ಒಳಗೆ ಬರುವುದು ಬೇಕರಿಯ ಪಾವು, ಬಿಸ್ಕೀಟು, ಮದುವೆಯ ಹೋಳಿಗೆಯ ಮೂಲಕ. ಅಲ್ಲಿ ತೊಂದರೆ ಕೊಡುವವರು ಪ್ರೀತಿಯ ಅಜ್ಜಿಯರು, "ಸಣ್ಣ ತುಂಡು, ದೇವರ ಪ್ರಸಾದ" ಎನ್ನುವವರು. ಅಜ್ಜಿಗೆ ಕಿಣ್ವ, ವಂಶವಾಹಿ ಹೇಳಿ ಉಪಯೋಗವಿಲ್ಲ. ಡಾಕ್ಟರ ಚೀಟಿ ತೋರಿಸಿ "ಇದು ತಿಂದ್ರ ರಕ್ತ ಆಗೂದಿಲ್ಲ" ಎಂದರೆ ಸಾಕು, ಮುಂದೆ ಅವಳೇ ಕಾವಲು.

ಕೊನೆಯದಾಗಿ ಓದುಗರಿಗೆ ಒಂದು ಕೋರಿಕೆ. ಇದನ್ನು ಓದಿ ಅನುಮಾನ ಬಂದವರು ನಾಳೆಯಿಂದಲೇ ಗೋಧಿ ಬಿಡಬೇಡಿ. ಗೋಧಿ ಬಿಟ್ಟ ಮೇಲೆ ಈ ಕಾಯಿಲೆಯ ರಕ್ತಪರೀಕ್ಷೆ ಹುಡುಕುವ ಪ್ರತಿಕಾಯಗಳು ಇಳಿದು, ಕರುಳು ಮಾಗತೊಡಗಿ, ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಸಿಗದೆ ಹೋಗಬಹುದು. ಎಂದಿನಂತೆ ತಿನ್ನುತ್ತಿರುವಾಗಲೇ ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಪರೀಕ್ಷೆ ಮಾಡಿಸಿ, ಬೇಕೆಂದರೆ ವೈದ್ಯರು ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ನೋಡುತ್ತಾರೆ. ಮನೆಯಲ್ಲಿ ಒಬ್ಬರಿಗೆ ಈ ಕಾಯಿಲೆ ಖಚಿತವಾಗಿದ್ದರೆ ಅವರ ಅಪ್ಪ, ಅಮ್ಮ, ಅಕ್ಕ, ತಮ್ಮಂದಿರೂ ಯಾವ ತೊಂದರೆ ಇಲ್ಲದಿದ್ದರೂ ಒಮ್ಮೆ ಈ ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ.